ಕೋವಿಡ್ ಹೋಯಿತು, ಬಿಪಿ ಇಳಿಯಲಿಲ್ಲ

ಪ್ರಶ್ನೆ: ನಾನು ಸ್ಟಾಫ್ ನರ್ಸ್, ವಯಸ್ಸು 43. 2021ರ ಎರಡನೇ ಅಲೆಯಲ್ಲಿ ಕೋವಿಡ್ ವಾರ್ಡಿನ ಡ್ಯೂಟಿ ಮುಗಿಸಿ ನೋಡಿಕೊಂಡಾಗ ಬಿಪಿ 152/96 ಇತ್ತು. ಟೆನ್ಷನ್ ಇರಬೇಕೆಂದು ಸುಮ್ಮನಾದೆ. ಈಗಲೂ ನೈಟ್ ಡ್ಯೂಟಿಯಲ್ಲಿ 148/94 ತೋರಿಸುತ್ತದೆ. ಡಾಕ್ಟರ ಮುಂದೆ ಕೂತರೆ ಮಾತ್ರ 130/84! ಮಾತ್ರೆ ಶುರು ಮಾಡಿದರೆ ಸಾಯೋತನಕ ನುಂಗಬೇಕಲ್ಲ ಎಂಬ ಅಂಜಿಕೆ.
– ಹೆಸರು ಬೇಡ, ಹಾವೇರಿ

ಉತ್ತರ: ಸಿಸ್ಟರ್, ಆಗ ನಾನೂ ವಾರ್ಡಿನಲ್ಲಿದ್ದೆ. ಪಿಪಿಇ ಕಿಟ್ ಹಾಕಿದರೆ ಆರು ತಾಸು ನೀರಿಲ್ಲ, ಬಾತ್‌ರೂಮಿಲ್ಲ. ಗ್ಲೌಸ್ ಬಿಚ್ಚಿದರೆ ಬೆರಳುಗಳು ರಾಶಿ ಬಟ್ಟೆ ಒಗೆದವರ ಹಾಗೆ ಸುಕ್ಕುಗಟ್ಟಿರುತ್ತಿದ್ದವು. ಆ ಗಳಿಗೆಯಲ್ಲಿ ನೋಡಿದರೆ ಬಿಪಿ ಏರದೆ ಇನ್ನೇನು? ಹೆದರಿಕೆಗೆ ಅಡ್ರಿನಲಿನ್ ಏರುತ್ತದೆ, ರಕ್ತನಾಳ ಬಿಗಿಯುತ್ತದೆ. ಬರೀ ಅಷ್ಟೇ ಆಗಿದ್ದರೆ ಇಷ್ಟೊತ್ತಿಗೆ ಇಳಿಯಬೇಕಿತ್ತು.

ನಿಮ್ಮದು ‘ಮಾಸ್ಕ್ಡ್ ಹೈಪರ್‌ಟೆನ್ಷನ್’ ಇದ್ದೀತು. ಡಾಕ್ಟರ ಮುಂದೆ ಮುಸುಕು ಹಾಕಿಕೊಂಡು ಕೂರುವ ಬಿಪಿ ಅದು. ನಿದ್ದೆಯಲ್ಲಿ ಬಿಪಿ ಸುಮಾರು ಶೇ 10ರಿಂದ 20ರಷ್ಟು ಇಳಿಯಬೇಕು. ರಾತ್ರಿಪಾಳಿಯವರಲ್ಲಿ ಎಷ್ಟೋ ಮಂದಿಗೆ ಆ ಇಳಿತ ಕಡಿಮೆಯಾಗುತ್ತದೆ.

ಒಂದು ಮಾತು ಕೇಳುತ್ತೇನೆ. ಎನ್95 ಬಿಗಿದು ತಲೆ ಸಿಡಿಯುತ್ತಿದ್ದಾಗ ಶುರುವಾದ ನೋವಿನ ಮಾತ್ರೆ ಬಿಟ್ಟಿದ್ದೀರಾ? ನನ್ನ ಏಪ್ರನ್ ಜೇಬಿನಲ್ಲಿ ಡೈಕ್ಲೊಫೆನಾಕ್ ಸ್ಟ್ರಿಪ್ 2022ರವರೆಗೂ ಇತ್ತು. ಅಂಥ ಮಾತ್ರೆಗಳು ಮೈಯಲ್ಲಿ ಉಪ್ಪು, ನೀರು ಹಿಡಿದಿಡುತ್ತವೆ. ಬಿಟ್ಟ ಮೇಲೆ ನನ್ನ ಬಿಪಿ ಕೊಂಚ ಇಳಿಯಿತು, ಪೂರ್ತಿ ಇಳಿಯಲಿಲ್ಲ. ಈಗ ದಿನಾ ಟೆಲ್ಮಿಸಾರ್ಟನ್ ಎಂಬ ಬಿಪಿ ಮಾತ್ರೆ ನುಂಗುತ್ತೇನೆ. (ಇದೇ ಗುಂಪಿನ ಮಾತ್ರೆ ಕೋವಿಡ್‌ಗೆ ಬಾಗಿಲು ತೆಗೆಯುತ್ತದೆಂದು 2020ರಲ್ಲಿ ಎಷ್ಟು ಗುಲ್ಲೆದ್ದಿತ್ತು! ಆಮೇಲೆ ಪರೀಕ್ಷಿಸಿ ನೋಡಿದರೆ, ಮಾತ್ರೆ ನಿಲ್ಲಿಸಿದವರಿಗೆ ಲಾಭವೇನೂ ಆಗಿರಲಿಲ್ಲ.)

ನೀವೀಗ ಏಳು ದಿನ ಮನೆಯಲ್ಲಿ ಬೆಳಿಗ್ಗೆ, ಸಂಜೆ ನೋಡಿಕೊಳ್ಳಿ. ತೋಳಿಗೆ ಕಟ್ಟುವ ಯಂತ್ರವೇ ಇರಲಿ, ಮಣಿಕಟ್ಟಿನದು ಬೇಡ. ನೈಟ್ ಮುಗಿಸಿ ಬಂದ ಕೂಡಲೇ ಅಲ್ಲ, ನಿದ್ದೆಯಾದ ಮೇಲೆ. ಚಹಾ ಕುಡಿದು ಅರ್ಧ ತಾಸಾಗಿರಲಿ. ಬೆನ್ನಿಗೆ ಆಸರೆ ಕೊಟ್ಟು ಐದು ನಿಮಿಷ ಮಾತಿಲ್ಲದೆ ಕೂತು, ನಿಮಿಷದ ಅಂತರದಲ್ಲಿ ಎರಡು ಸಲ. ಮೊದಲ ದಿನದ ಲೆಕ್ಕ ಬಿಡಿ. ಉಳಿದವುಗಳ ಸರಾಸರಿ 135/85 ದಾಟಿದರೆ ಬಿಪಿ ಇದೆಯೆಂದೇ ಅರ್ಥ. ದಾಟದಿದ್ದರೂ ಡ್ಯೂಟಿಯ ದಿನ ಸೇರಿಸಿ 24 ತಾಸಿನ ಬಿಪಿ ಯಂತ್ರ ಕಟ್ಟಿಸಿಕೊಳ್ಳುವುದು ಒಳ್ಳೆಯದು. ಮಾತ್ರೆ ಶುರುವಾದರೂ, ತೂಕ ಇಳಿದು ಉಪ್ಪಿನಕಾಯಿ, ಹಪ್ಪಳ ಕಡಿಮೆಯಾದರೆ ಡೋಸ್ ಇಳಿಸಿದ್ದೂ ಉಂಟು.

ಬರೆದಿಟ್ಟದ್ದನ್ನು ಡಾಕ್ಟರಿಗೆ ತೋರಿಸಿ. ರೌಂಡ್ಸ್ ನಡುವೆ ಕಾರಿಡಾರಿನಲ್ಲಿ ನಿಂತು ಅಲ್ಲ, ಒಪಿಡಿ ಚೀಟಿ ಮಾಡಿಸಿಕೊಂಡು.