ಟರ್ಬೊದಿಂದ ಆಯಿಲ್ ಹೊರಬರೋದು ಕಂಡ ಮೇಲೆ ಸ್ಟಾರ್ಟ್ ಮಾಡಿ

ಪ್ರಶ್ನೆ: ಸರ್, ನನ್ನ ಕಾರಿನ ನಾಲ್ಕು ಸಿಲಿಂಡರ್ ಟರ್ಬೊ ಪೆಟ್ರೋಲ್ ಎಂಜಿನ್ ಪೂರ್ತಿ ಬಿಚ್ಚಿ ಕಟ್ಟಿದ್ದಾಗಿದೆ. ಬೇರಿಂಗ್, ರಿಂಗ್, ಆಯಿಲ್ ಪಂಪ್, ಟರ್ಬೊ ಎಲ್ಲಾ ಹೊಸದು. ಇನ್ನೂ ಸ್ಟಾರ್ಟ್ ಮಾಡಿಲ್ಲ. ಪ್ಲಗ್ ಬಿಚ್ಚಿ ಸೆಲ್ಫ್ ಹೊಡೆದು ನೋಡಿದೆ, ಆಯಿಲ್ ಲೈಟ್ ಆರಲೇ ಇಲ್ಲ. ಸೀದಾ ಸ್ಟಾರ್ಟ್ ಮಾಡಿಬಿಡು, ಎರಡು ಸೆಕೆಂಡಲ್ಲಿ ಪ್ರೆಷರ್ ಬರುತ್ತೆ ಅಂತ ಗೆಳೆಯ ಹೇಳ್ತಾನೆ. ಮಾಡಲಾ?

ಉತ್ತರ: ಬೇಡ. ಸೆಲ್ಫ್ ಹೊಡೆಯೋದನ್ನೂ ಸದ್ಯಕ್ಕೆ ನಿಲ್ಲಿಸಿ. ಆ ಲೈಟ್ ಆರದೆ ಇರೋದು ನಿಮಗೆ ಸರಿಯಾದ ಸುದ್ದಿಯನ್ನೇ ಹೇಳುತ್ತಿದೆ.

ಹೊಸ ಆಯಿಲ್ ಪಂಪ್ ಒಳಗೆ ಒಣಗಿರುತ್ತದೆ. ನೀರಿನ ಮೋಟರ್‌ಗೆ ಮೊದಲು ನೀರು ತುಂಬಿಸಿ ಆಮೇಲೆ ಸ್ವಿಚ್ ಹಾಕುತ್ತೇವಲ್ವಾ, ಇಲ್ಲೂ ಅದೇ ಕಥೆ. ಒಣಗಿದ ಗೇರ್‌ಗಳ ಸಂದಿಯಲ್ಲಿ ಗಾಳಿ ಜಾರಿಹೋಗುತ್ತದೆ, ಸೆಲ್ಫ್ ತಿರುಗಿಸುವ ನಿಧಾನ ವೇಗಕ್ಕೆ ಕೆಳಗಿನ ಸಂಪ್‌ನಿಂದ (ಎಂಜಿನ್ ಅಡಿಯಲ್ಲಿ ಆಯಿಲ್ ನಿಲ್ಲುವ ತೊಟ್ಟಿ) ಆಯಿಲ್ ಎಳೆಯುವಷ್ಟು ಶಕ್ತಿ ಹುಟ್ಟೋದೇ ಇಲ್ಲ. ಕಟ್ಟುವಾಗಲೇ ಪಂಪ್ ಒಳಗೆ ಪೆಟ್ರೋಲಿಯಂ ಜೆಲ್ಲಿ ತುಂಬಿದ್ದರೆ ಈ ತೊಂದರೆ ಇರುತ್ತಿರಲಿಲ್ಲ. ಈಗ ಫಿಲ್ಟರ್ ಬಿಚ್ಚಿ, ಪಂಪ್‌ನಿಂದ ಫಿಲ್ಟರ್‌ಗೆ ಬರುವ ತೂತಿಗೆ ಆಯಿಲ್ ಕ್ಯಾನ್‌ನಿಂದ ಹಿಡಿದಷ್ಟು ಆಯಿಲ್ ಒತ್ತಿ. ಫಿಲ್ಟರ್‌ಗೂ ತುಂಬಿಸಿ, ಆದರೆ ನಡುವಿನ ದೊಡ್ಡ ತೂತಿಗೆ ಸುರಿಯಬೇಡಿ. ಅದು ಸೋಸಿದ ಆಯಿಲ್ ಬರುವ ದಾರಿ. ಸುತ್ತಲಿನ ಸಣ್ಣ ತೂತುಗಳಲ್ಲೇ ಹಾಕಿ.

ಇದಕ್ಕಿಂತ ಒಳ್ಳೆಯ ದಾರಿ ಅಂದರೆ ಹೊರಗಿನಿಂದ ಒತ್ತಡ ಕೊಟ್ಟು ಆಯಿಲ್ ನುಗ್ಗಿಸೋದು. ಆಯಿಲ್ ಪ್ರೆಷರ್ ಸ್ವಿಚ್ ಬಿಚ್ಚಿ, ಆ ತೂತಿಗೆ ಪೈಪ್ ಜೋಡಿಸಿ, ಪ್ರೈಮಿಂಗ್ ಟ್ಯಾಂಕ್‌ನಿಂದ (ಒತ್ತಡದಲ್ಲಿ ಆಯಿಲ್ ಕಳಿಸುವ ಡಬ್ಬಿ) 2-3 ಬಾರ್ ಒತ್ತಡದಲ್ಲಿ ಆಯಿಲ್ ಕಳಿಸಿ. ಟ್ಯಾಂಕ್ ಸಿಗದಿದ್ದರೆ ಗಿಡಕ್ಕೆ ಔಷಧಿ ಹೊಡೆಯುವ ಕೈಪಂಪ್ ಸ್ಪ್ರೇಯರ್ ಆದರೂ ಸಾಕು, ಆದರೆ ಹೊಸದೇ ಆಗಿರಬೇಕು, ಒಳಗೆ ಧೂಳು ನೀರು ಏನೂ ಇರಬಾರದು. ಆಯಿಲ್ ಹೋಗುತ್ತಿರುವಾಗ ಇನ್ನೊಬ್ಬರು ಕ್ರ್ಯಾಂಕ್‌ನ (ಎಂಜಿನ್‌ನ ಮುಖ್ಯ ಶಾಫ್ಟ್) ಬೋಲ್ಟ್‌ಗೆ ಸ್ಪ್ಯಾನರ್ ಹಾಕಿ ಎಂಜಿನ್ ತಿರುಗುವ ದಿಕ್ಕಿಗೇ ನಿಧಾನಕ್ಕೆ ಎರಡು ಸುತ್ತು ತಿರುಗಿಸಲಿ. ಕ್ರ್ಯಾಂಕ್ ಒಂದೇ ಕಡೆ ನಿಂತಿದ್ದರೆ ಪಿಸ್ಟನ್ ಮತ್ತು ಕ್ರ್ಯಾಂಕ್ ನಡುವಿನ ಕಾನ್‌ರಾಡ್‌ಗಳ ಕೆಲವು ಬೇರಿಂಗ್‌ಗಳ ತೂತು ಮುಚ್ಚಿಕೊಂಡೇ ಇರಬಹುದು. ಮೇಲೆ ವಾಲ್ವ್ ತೆರೆಯುವ ಕ್ಯಾಮ್ ಶಾಫ್ಟ್‌ನ ಬೇರಿಂಗ್‌ಗಳ ಬದಿಯಿಂದ ಆಯಿಲ್ ಒಸರೋದು ಕಂಡರೆ ಮೇಲಿನವರೆಗೂ ಮುಟ್ಟಿದೆ ಅಂತ ಅರ್ಥ. ಹೀಗೆ ಕಳಿಸಿದ್ದೆಲ್ಲ ಕೊನೆಗೆ ಸಂಪ್‌ಗೇ ಇಳಿಯುತ್ತದೆ, ಹಾಗಾಗಿ ಡಿಪ್‌ಸ್ಟಿಕ್ ನೋಡಿ ಜಾಸ್ತಿ ಆಗಿದ್ದರೆ ಇಳಿಸಿ.

ಈಗ ಟರ್ಬೊ, ಅಂದರೆ ಎಂಜಿನ್‌ಗೆ ಹೆಚ್ಚು ಗಾಳಿ ಒತ್ತುವ ಚಕ್ರ. ನಿಮ್ಮ ಗೆಳೆಯರ ಮಾತಿಗೆ ನಾನು ಬೇಡ ಅನ್ನೋದು ಮುಖ್ಯವಾಗಿ ಇದಕ್ಕೇ. ಟರ್ಬೊ ಶಾಫ್ಟ್ ಕೆಲಸಕ್ಕೆ ನಿಂತರೆ ನಿಮಿಷಕ್ಕೆ 1 ಲಕ್ಷ ಸುತ್ತು ದಾಟುತ್ತದೆ, ಸಾಮಾನ್ಯ ಬುಷ್ ಬೇರಿಂಗ್‌ನ ಟರ್ಬೊ ಆದರೆ ಶಾಫ್ಟ್ ತೇಲೋದು ಬರೀ ಆಯಿಲ್ ಪೊರೆಯ ಮೇಲೆ. ಎಂಜಿನ್ ಹತ್ತಿಕೊಂಡ ಕ್ಷಣವೇ ಸೈಲೆನ್ಸರ್ ಕಡೆ ಹೋಗುವ ಬಿಸಿ ಗಾಳಿ ಅದನ್ನು ತಿರುಗಿಸಲು ಶುರು ಮಾಡುತ್ತದೆ, ಆದರೆ ಆಯಿಲ್ ಮಾತ್ರ ಗ್ಯಾಲರಿ (ಎಂಜಿನ್ ಒಳಗಿನ ಆಯಿಲ್ ದಾರಿ) ತುಂಬಿಕೊಂಡು, ಸಣ್ಣ ಪೈಪ್ ಹಾದು, ತಡವಾಗಿ ಬರುತ್ತದೆ. ಆ ಕೆಲವು ಸೆಕೆಂಡುಗಳಲ್ಲೇ ಹೊಸ ಬೇರಿಂಗ್ ಗೀರಿಹೋಗಬಹುದು.

ಹಾಗಾಗಿ ಟರ್ಬೊದ ಮೇಲಿನ ಫೀಡ್ ತೂತಿಗೆ ಹೊಸ ಆಯಿಲ್ ತುಂಬಿಸಿ. ಕಂಪ್ರೆಸರ್ ಚಕ್ರವನ್ನು ಬೆರಳಿನಿಂದ ಕೆಲವು ಸುತ್ತು ತಿರುಗಿಸಿ, ಮತ್ತೆ ತುಂಬಿಸಿ, ಆಮೇಲೆ ಫೀಡ್ ಪೈಪ್ ಕಟ್ಟಿ. ಏರ್ ಗನ್ ಹಿಡಿದು ಚಕ್ರವನ್ನು ಸುಮ್ನೆ ಸುಯ್ ಅಂತ ತಿರುಗಿಸಬೇಡಿ, ಒಣ ಬೇರಿಂಗ್‌ಗೆ ಅದೇ ದೊಡ್ಡ ಹಾನಿ. ಟರ್ಬೊ ಹೊಸದು ಅಂದಿರಿ, ಫೀಡ್ ಪೈಪ್? ಹಳೇ ಪೈಪ್‌ನ ಒಳಗೆ ಆಯಿಲ್ ಸುಟ್ಟು ಮಸಿ ಕಟ್ಟಿರುತ್ತದೆ, ಅದನ್ನೂ ಬದಲಾಯಿಸಿ. ಆ ಜಾಯಿಂಟ್‌ಗೆ ಸಿಲಿಕೋನ್ ಪೇಸ್ಟ್ ಹಚ್ಚಲೇಬೇಡಿ, ಒಂದು ಚೂರು ಒಳಗೆ ಹೋದರೂ ದಾರಿ ಮುಚ್ಚುತ್ತದೆ.

ಟರ್ಬೊದ ಕೆಳಗಿನ ರಿಟರ್ನ್ ಪೈಪ್ ಬಿಚ್ಚಿ ಅಡಿಯಲ್ಲಿ ಡಬ್ಬಿ ಇಡಿ. ಪ್ರೆಷರ್ ಸ್ವಿಚ್ ಇದ್ದ ತೂತಿಗೆ ಮೆಕ್ಯಾನಿಕಲ್ ಗೇಜ್ ಕಟ್ಟಿ. ಲೈಟ್ ಅರ್ಧ ಬಾರ್‌ಗೂ ಮುಂಚೆಯೇ ಆರಿಬಿಡಬಹುದು, ಅದನ್ನು ನಂಬಿಕೊಂಡು ಕೂರಬೇಡಿ. ಪ್ಲಗ್‌ಗಳು ಹೊರಗೇ ಇರಲಿ, ಕಂಪ್ರೆಷನ್ ಇಲ್ಲದಿದ್ದರೆ ಬೇರಿಂಗ್ ಮೇಲೆ ಭಾರ ಕಡಿಮೆ, ಕ್ರ್ಯಾಂಕ್ ಜೋರಾಗಿ ತಿರುಗುತ್ತದೆ. ಇಂಜೆಕ್ಟರ್ ಮತ್ತು ಕಾಯಿಲ್ ಕನೆಕ್ಟರ್ ಕಳಚಿ, ಇಲ್ಲದಿದ್ದರೆ ಪೆಟ್ರೋಲ್ ಬಂದು ಸಿಲಿಂಡರ್ ಒಳಗೋಡೆಗೆ ಹಚ್ಚಿದ ಆಯಿಲ್ ತೊಳೆದುಹೋಗುತ್ತದೆ. 10 ಸೆಕೆಂಡ್ ಸೆಲ್ಫ್, ಒಂದು ನಿಮಿಷ ಬಿಡುವು. ಗೇಜ್ ಏರಿ, ಟರ್ಬೊದಿಂದ ಡಬ್ಬಿಗೆ ಆಯಿಲ್ ಬೀಳೋದನ್ನು ಕಣ್ಣಾರೆ ನೋಡಿದ ಮೇಲೆ ಎಲ್ಲಾ ಜೋಡಿಸಿ. ಗೇಜ್ ಏಳಲೇ ಇಲ್ಲ ಅಂದರೆ ಸಂಪ್ ಇಳಿಸಿ, ಪಂಪ್ ಆಯಿಲ್ ಎಳೆದುಕೊಳ್ಳುವ ಜಾಲರಿ (ಸ್ಟ್ರೇನರ್) ಪೈಪ್‌ನ ಓ-ರಿಂಗ್, ಅಂದರೆ ರಬ್ಬರ್ ಬಳೆ, ನೋಡಿ. ಅದು ಕೂತಿಲ್ಲದಿದ್ದರೆ ಪಂಪ್ ಆಯಿಲ್ ಬದಲು ಗಾಳಿ ಎಳೆಯುತ್ತದೆ. ಗ್ಯಾಲರಿಯ ತುದಿ ಮುಚ್ಚುವ ಪ್ಲಗ್ ಒಂದು ಹಾಕದೆ ಉಳಿದಿರಲೂಬಹುದು.

ಸ್ಟಾರ್ಟ್ ಆದಾಗ ರೇಸ್ ಕೊಡಬೇಡಿ. 5 ಸೆಕೆಂಡಲ್ಲಿ ಪ್ರೆಷರ್ ಕಾಣದಿದ್ದರೆ ಆಫ್ ಮಾಡಿ. ಕಂಡರೆ ಒಂದು ನಿಮಿಷ ಐಡಲ್‌ನಲ್ಲಿ ಬಿಟ್ಟು ಲೀಕ್ ನೋಡಿ. ಹಾಗಂತ ಗಂಟೆಗಟ್ಟಲೆ ಐಡಲ್ ಬೇಡ, ರಿಂಗ್ ಕೂರೋಕೆ ಸ್ವಲ್ಪ ಭಾರ ಬೇಕು. ಎಂಜಿನ್ ಬಿಸಿಯಾದ ಮೇಲೆ ಹಗುರವಾಗಿ ಓಡಿಸಿ, ಬೂಸ್ಟ್ (ಟರ್ಬೊ ಕೊಡುವ ಗಾಳಿಯ ಒತ್ತಡ) ಕಡಿಮೆ ಇರಲಿ. ಈ ಮೊದಲ ಆಯಿಲ್ ಮತ್ತು ಫಿಲ್ಟರ್ ಬೇಗ ಬದಲಾಯಿಸಿ, ಫಿಲ್ಟರ್ ಕತ್ತರಿಸಿ ಒಳಗಿನ ಕಾಗದ ಬಿಡಿಸಿ ನೋಡಿ. ನವಿರಾದ ಬೂದು ಪುಡಿ ಇದ್ದರೆ ಗಾಬರಿ ಬೇಡ. ಹೊಳೆಯುವ ಚೂರುಗಳು ಸಿಕ್ಕರೆ ಮಾತ್ರ ಕಾರ್ ಓಡಿಸದೆ ಬೇರಿಂಗ್ ಕ್ಯಾಪ್ ಬಿಚ್ಚಿ ನೋಡಿ.