ಬಳ್ಳಾರಿಯಲ್ಲಿ ಸಿನಿಮಾ ನೋಡೋದು: ಹೊಸದಾಗಿ ಬಂದವರ ಪ್ರಶ್ನೆಗೆ ಉತ್ತರ

"ಬಳ್ಳಾರಿ ಕರ್ನಾಟಕದಲ್ಲೇ ಇದೆ ತಾನೇ? ಮತ್ತೆ ಟಾಕೀಸಿನ ಮುಂದೆಲ್ಲ ತೆಲುಗು ಹೀರೋಗಳ ಕಟೌಟೇ ಯಾಕೆ?" ಬೆಂಗಳೂರು, ಮೈಸೂರು ಕಡೆಯಿಂದ ವರ್ಗವಾಗಿ ಬಂದವರು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಸೇರಿದವರು ಬಂದ ಹೊಸದರಲ್ಲೇ ಇದನ್ನು ಕೇಳುತ್ತಾರೆ. ಕೆಲವರು ಕುತೂಹಲಕ್ಕೆ, ಕೆಲವರು ಸಿಟ್ಟಿಗೆ. ಸಿಟ್ಟಿನವರಿಗೆ ಮೊದಲೇ ಒಂದು ಮಾತು: ಇಲ್ಲಿ ಯಾವ ಭಾಷೆಯ ಸಿನಿಮಾ ಓಡಬೇಕು ಅನ್ನೋದನ್ನು ಭಾಷಾಭಿಮಾನ ತೀರ್ಮಾನಿಸುವುದು ಕಮ್ಮಿ. ಒಂದೇ ಪರದೆ, ದಿನಕ್ಕೆ ನಾಲ್ಕು ಆಟ, ಮೊದಲ ಮೂರು ದಿನದ ಕಲೆಕ್ಷನ್, ಇವೇ ಜಾಸ್ತಿ ತೀರ್ಮಾನಿಸುತ್ತವೆ.

ಹಿನ್ನೆಲೆ ಚುಟುಕಾಗಿ ಹೇಳುತ್ತೇನೆ. ಬಳ್ಳಾರಿ 1953ರ ಸೆಪ್ಟೆಂಬರ್ ಕೊನೆಯವರೆಗೂ ಮದ್ರಾಸ್ ರಾಜ್ಯದಲ್ಲಿತ್ತು. ಅಕ್ಟೋಬರ್ 1ಕ್ಕೆ ಜಿಲ್ಲೆಯ ಬಹುಭಾಗ ಮೈಸೂರಿಗೆ ಸೇರಿತು, ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು. ನಕ್ಷೆ ಬದಲಾಯಿತು, ನೆಂಟಸ್ತಿಕೆ, ವ್ಯಾಪಾರ ಬದಲಾಗಲಿಲ್ಲ. ಸಿನಿಮಾ ವ್ಯಾಪಾರವಂತೂ ಗಡಿಯನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ತೆಲುಗು ಹಂಚಿಕೆದಾರರು ರಾಯಲಸೀಮೆಯನ್ನು ಇವತ್ತಿಗೂ 'ಸೀಡೆಡ್' ಅನ್ನುತ್ತಾರೆ. 1800ರಲ್ಲಿ ನಿಜಾಮ ಬ್ರಿಟಿಷರಿಗೆ ಬಿಟ್ಟುಕೊಟ್ಟ ಜಿಲ್ಲೆಗಳ ಹೆಸರು ಅದು. ಆ ಏರಿಯಾದ ಹಕ್ಕು ಮಾರುವಾಗ ಬಳ್ಳಾರಿಯನ್ನೂ ಅದರ ಜೊತೆಗೇ ಸೇರಿಸುವ ರೂಢಿ ಬೆಳೆದುಬಂದಿದೆ.

ಇದರ ಮೇಲೆ ತುಂಗಭದ್ರಾ ಕಾಲುವೆ ಬಂತು. ನೀರಾವರಿ ಆದ ಮೇಲೆ ಕರಾವಳಿ ಆಂಧ್ರದ ರೈತರು ಸಿರುಗುಪ್ಪ, ಕಂಪ್ಲಿ, ಗಂಗಾವತಿ, ಸಿಂಧನೂರು, ಮಾನ್ವಿ ಕಡೆ ಬಂದು ಕ್ಯಾಂಪುಗಳನ್ನು, ಅಂದರೆ ತಮ್ಮದೇ ಹೊಸ ಊರುಗಳನ್ನು, ಕಟ್ಟಿಕೊಂಡರು. ನಿರ್ದೇಶಕ ಎಸ್.ಎಸ್. ರಾಜಮೌಳಿ 1973ರಲ್ಲಿ ಹುಟ್ಟಿದ್ದು ರಾಯಚೂರು ಜಿಲ್ಲೆಯ ಅಮರೇಶ್ವರ ಕ್ಯಾಂಪಿನಲ್ಲಿ. ದಾರಿ ಒಂದೇ ಕಡೆಗೆ ಅಂತ ತಿಳಿಯಬೇಡಿ. ಡಾ. ರಾಜ್‌ಕುಮಾರ್ ನಾಯಕನಾದ ಮೊದಲ ಚಿತ್ರ 'ಬೇಡರ ಕಣ್ಣಪ್ಪ' 1954ರದ್ದು. ಅದೇ ವರ್ಷ ಅದೇ ಕಥೆ ತೆಲುಗಿನಲ್ಲೂ ಬಂತು, ಅಲ್ಲೂ ಕಣ್ಣಪ್ಪ ಅವರೇ.

ಇನ್ನು ನಿಮಗೆ ಕೆಲಸಕ್ಕೆ ಬರುವ ವಿಷಯ. ದೊಡ್ಡ ತೆಲುಗು ಸಿನಿಮಾ ಈಗ ಕನ್ನಡ ಡಬ್ಬಿಂಗ್‌ನಲ್ಲೂ ಬರುತ್ತದೆ, ಹಾಗಾಗಿ ಟಿಕೆಟ್ ತೆಗೆಯುವ ಮುಂಚೆ ಯಾವ ಭಾಷೆ ಅಂತ ಖಚಿತ ಮಾಡಿಕೊಳ್ಳಿ. ಆ್ಯಪ್‌ನಲ್ಲಿ ಸಿನಿಮಾದ ಹೆಸರಿನ ಕೆಳಗೆ ಭಾಷೆಯೂ 2ಡಿ-3ಡಿಯೂ ಬೇರೆ ಬೇರೆ ಆಯ್ಕೆಯಾಗಿ ಇರುತ್ತವೆ. ಅವಸರದಲ್ಲಿ ಮೊದಲು ಕಂಡದ್ದನ್ನು ಒತ್ತಿದರೆ ತೆಲುಗೇ ಸಿಗುತ್ತದೆ. ಪೋಸ್ಟರ್ ನಂಬಬೇಡಿ. ಕನ್ನಡದಲ್ಲಿ ಅಚ್ಚಾದ ಪೋಸ್ಟರ್ ಹೊರಗಿದ್ದು ಒಳಗೆ ತೆಲುಗು ಓಡುವುದು ಮಾಮೂಲು. ಕೌಂಟರಿನಲ್ಲಿ ಕೇಳಿಬಿಡುವುದೇ ಸುಲಭ:

"ಅಣ್ಣಾ, ಮ್ಯಾಟಿನಿ ಕನ್ನಡಾನಾ, ತೆಲುಗಾ?"

"ತೆಲುಗ್ರೀ. ಕನ್ನಡ ಸೋಮಾರದಿಂದ ಹಾಕ್ತೀವಿ ಅಂದಾರ, ನೋಡ್ಬೇಕು."

ಆ "ನೋಡ್ಬೇಕು" ಅನ್ನುವುದರಲ್ಲೇ ಎಲ್ಲ ಇದೆ. ಭಾನುವಾರ ಸಂಜೆಯ ಹೊತ್ತಿಗೆ ಸಿನಿಮಾ ಗೆದ್ದಿದ್ದರೆ ತೆಲುಗನ್ನು ಎತ್ತುವುದಿಲ್ಲ, ಬಿದ್ದಿದ್ದರೆ ಸೋಮವಾರ ಯಾವ ಭಾಷೆಯಲ್ಲಿ ಹಾಕಿದರೂ ಜನ ಬರುವುದಿಲ್ಲ. ಕನ್ನಡ ಅವತರಣಿಕೆ ಎರಡೂ ಕಡೆ ಸೋಲುವುದು ಹೀಗೆ. 2021ರ ಡಿಸೆಂಬರಿನಲ್ಲಿ 'ಪುಷ್ಪ', 2022ರ ಮಾರ್ಚಿನಲ್ಲಿ 'ಆರ್‌ಆರ್‌ಆರ್' ಬಂದಾಗ ಕನ್ನಡ ಅವತರಣಿಕೆಗೆ ಪರದೆಯೇ ಇಲ್ಲ ಅಂತ ಸಾಮಾಜಿಕ ಜಾಲತಾಣಗಳಲ್ಲಿ ಬಹಿಷ್ಕಾರದ ಕೂಗು ಎದ್ದದ್ದು ಈ ಕಾರಣಕ್ಕೇ. ಆ ಸಿಟ್ಟು ನ್ಯಾಯವಾದದ್ದು. ಡಬ್ಬಿಂಗ್ ಸಿನಿಮಾವನ್ನು ಯಾರೂ ನೋಡುವುದಿಲ್ಲ ಅನ್ನುವವರು ಅದಕ್ಕೆ ಶುಕ್ರವಾರ, ಶನಿವಾರದ ಫಸ್ಟ್ ಶೋ ಕೊಟ್ಟು ನೋಡಿರುವುದಿಲ್ಲ. ಸಂಡೂರು, ಕೂಡ್ಲಿಗಿ ಕಡೆಯ ಹಳ್ಳಿಗಳಿಂದ ಬರುವ ಹೆಂಗಸರು, ಮಕ್ಕಳೆಲ್ಲರಿಗೂ ತೆಲುಗು ಬರುತ್ತದೆ ಅನ್ನುವುದೂ ನಿಜವಲ್ಲ. ಊರಿನ ಹುಡುಗರಿಗೆ ಬರುತ್ತದೆ, ಮೊದಲ ದಿನ ಕೌಂಟರ್ ಮುಂದೆ ನಿಲ್ಲುವವರೂ ಅವರೇ.

ಟಾಕೀಸಿನವರ ಕೈಯೂ ಸ್ವಲ್ಪ ಕಟ್ಟಿರುತ್ತದೆ. ಈಗ ಸಿನಿಮಾ ಬರುವುದು ಬೀಗ ಹಾಕಿದ ಡಿಜಿಟಲ್ ಫೈಲಾಗಿ, ಹಾರ್ಡ್ ಡಿಸ್ಕಿನಲ್ಲೋ ಉಪಗ್ರಹದ ಮೂಲಕವೋ. ಅದನ್ನು ತೆರೆಯಲು ಪ್ರತ್ಯೇಕ ಕೀ ಬೇಕು. ಆ ಕೀ ಆಯಾ ಪ್ರೊಜೆಕ್ಟರಿನ ಸರ್ವರಿಗೆ ಮಾತ್ರ ಹೊಂದುತ್ತದೆ, ಇಂಥ ದಿನ ಇಂಥ ಹೊತ್ತಿನಿಂದ ಇಂಥ ಹೊತ್ತಿನವರೆಗೆ ಅಂತ ಅವಧಿಯೂ ಇರುತ್ತದೆ. ತೆಲುಗಿನ ಕೀ ಕನ್ನಡದ ಫೈಲನ್ನು ತೆರೆಯುವುದಿಲ್ಲ. ರಿಪೇರಿಗೆ ಹೋದ ಸರ್ವರ್ ಬದಲಾಗಿದ್ದರೆ ಹಳೇ ನಂಬರಿಗೆ ಬಂದ ಕೀ ದಂಡ. ಎಲ್ಲಕ್ಕಿಂತ ಹೆಚ್ಚಾಗಿ ಆಗುವ ತೊಂದರೆ ದುಡ್ಡಿನದು: ಹಳೇ ಬಾಕಿ ಚುಕ್ತಾ ಆಗುವ ತನಕ ಹಂಚಿಕೆದಾರರು ಕೀ ಬಿಡುವುದಿಲ್ಲ. ಮೊದಲ ದಿನದ ಮಾರ್ನಿಂಗ್ ಶೋ ಒಂದು ತಾಸು ತಡವಾಗಿ, ಹೊರಗೆ "ತಾಂತ್ರಿಕ ತೊಂದರೆ" ಅಂತ ಕೂಗಿದರೆ ಹತ್ತರಲ್ಲಿ ಐದಾರು ಸಲ ತೊಂದರೆ ಇರುವುದು ಲೆಕ್ಕದ ಪುಸ್ತಕದಲ್ಲಿ. ಕಾಯಿರಿ, ಸಾಮಾನ್ಯವಾಗಿ ಸಿನಿಮಾ ಬರುತ್ತದೆ. ಆಟ ರದ್ದಾಗಿದೆ ಅಂತ ಬಾಯಿಬಿಟ್ಟು ಹೇಳುವವರೆಗೆ ಅರ್ಧ ಹರಿದ ಟಿಕೆಟನ್ನು ಬಿಸಾಡಬೇಡಿ, ದುಡ್ಡು ವಾಪಸ್ ಕೊಡುವುದು ಅದನ್ನು ನೋಡಿಯೇ.

ರೀಲಿನ ಕಾಲದಲ್ಲಿ ತಡವಾಗುವುದಕ್ಕೆ ಬೇರೆ ಕಾರಣ ಇತ್ತು. 1000 ಅಡಿಯ 35 ಎಂಎಂ ರೀಲು ಓಡುತ್ತಿದ್ದದ್ದು ಸುಮಾರು 11 ನಿಮಿಷ. ಎರಡೂ ಮುಕ್ಕಾಲು ತಾಸಿನ ಸಿನಿಮಾ ಅಂದರೆ ಹದಿನೈದು ರೀಲು. ಸಣ್ಣ ಊರುಗಳಲ್ಲಿ ಒಂದೇ ಪ್ರಿಂಟನ್ನು ಎರಡು ಟಾಕೀಸಿನವರು ಹಂಚಿಕೊಂಡು ಅರ್ಧ ಮುಕ್ಕಾಲು ತಾಸಿನ ಅಂತರದಲ್ಲಿ ಆಟ ಶುರು ಮಾಡುತ್ತಿದ್ದರು. ಇಲ್ಲಿ ಮುಗಿದ ರೀಲು ಸೈಕಲ್ ಮೇಲೆ ಅಲ್ಲಿಗೆ. ಸೈಕಲ್ ಪಂಕ್ಚರ್ ಆದರೆ ಅಲ್ಲಿ ಇಂಟರ್ವಲ್ ಎರಡು ಸಲ.

ಡಬ್ಬಿಂಗ್ ಚೆನ್ನಾಗಿರುತ್ತದಾ ಅಂತ ಕೇಳುವವರಿಗೆ: ತೆಲುಗಿನಿಂದ ಕನ್ನಡಕ್ಕೆ ತರುವುದು ಹಿಂದಿಯಿಂದ ತರುವುದಕ್ಕಿಂತ ಸುಲಭ. ಎರಡರಲ್ಲೂ ಬಹುತೇಕ ಮಾತು ಸ್ವರದಲ್ಲಿ ಮುಗಿಯುತ್ತದೆ, ತುಟಿ ತೆರೆದು ಮುಚ್ಚುವ ಲಯ ಹತ್ತಿರ. ಹಾಗಿದ್ದೂ ಕೆಡುವುದು ಎರಡು ಕಡೆ. ಕ್ಲೋಸಪ್ಪಿನಲ್ಲಿ ಪ, ಬ, ಮ ಬಂದಾಗ ತುಟಿ ಮುಚ್ಚಲೇಬೇಕು. ತೆಲುಗಿನಲ್ಲಿ 'ಮ' ಇದ್ದ ಜಾಗಕ್ಕೆ ಕನ್ನಡದಲ್ಲಿ 'ಕ' ಕೂರಿಸಿದರೆ ಮುಂದಿನ ಸಾಲಿನ ಹುಡುಗನಿಗೂ ಗೊತ್ತಾಗುತ್ತದೆ. ಲಾಂಗ್ ಶಾಟಿನಲ್ಲಿ ಏನು ಹೇಳಿದರೂ ನಡೆದೀತು. ಎರಡನೆಯದು ಧ್ವನಿಯ ಜಾಗ. ಬಯಲಿನಲ್ಲಿ ನಿಂತು ಕೂಗುವ ಮಾತನ್ನು ಸ್ಟುಡಿಯೋದ ಮುಚ್ಚಿದ ಕೋಣೆಯಲ್ಲಿ ರೆಕಾರ್ಡ್ ಮಾಡಿ, ಬಯಲಿನ ಸದ್ದು ಸೇರಿಸದೆ ಹಾಗೇ ಬಿಟ್ಟರೆ ಮಾತು ಪರದೆಗೆ ಅಂಟುವುದಿಲ್ಲ, ಸ್ಪೀಕರಿನಿಂದ ಬಂದ ಹಾಗೇ ಕೇಳುತ್ತದೆ. ಅವಸರದ ಡಬ್ಬಿಂಗ್ ಗುರುತಿಸಲು ಕಣ್ಣು ಮುಚ್ಚಿ ಐದು ನಿಮಿಷ ಕೇಳಿ, ಸಾಕು. ಇಷ್ಟೆಲ್ಲ ಸರಿ ಇದ್ದರೂ ಇಲ್ಲಿನವರಿಗೆ ತೆಲುಗು ಹೀರೋನ ಸ್ವಂತ ದನಿ ಬಾಲ್ಯದಿಂದ ಕಿವಿಯಲ್ಲಿ ಕೂತಿದೆ, ಅದರ ಮುಂದೆ ಡಬ್ಬಿಂಗ್ ಕಲಾವಿದ ಎಷ್ಟು ಚೆನ್ನಾಗಿ ಮಾಡಿದರೂ ಅರ್ಧ ಅಂಕವೇ.

ಎಲ್ಲಿ ಕೂರಬೇಕು? ರಾಧಿಕಾ, ನಟರಾಜ ಅಂಥ ಹೆಸರು ಹೇಳಿದರೆ ಆಟೋದವರಿಗೆ ವಿಳಾಸ ಬೇಕಿಲ್ಲ, ಆದರೆ ದೊಡ್ಡ ಹಾಲುಗಳಲ್ಲಿ ಸೀಟು ಆರಿಸುವುದೇ ಒಂದು ಕಲೆ. ಪರದೆಯಿಂದ ಮೂರರಲ್ಲಿ ಎರಡು ಭಾಗ ಹಿಂದೆ, ನಟ್ಟ ನಡುವೆ ಕೂತರೆ ಶಬ್ದ ನಾಲ್ಕೂ ಕಡೆಯಿಂದ ಸಮವಾಗಿ ಬರುತ್ತದೆ. ಬಾಲ್ಕನಿಯ ಕೆಳಗೆ ಸಿಕ್ಕಿಹಾಕಿಕೊಂಡ ಹಿಂದಿನ ಸಾಲುಗಳು ಬೇಡ. ಮೇಲಿನ ಚಾವಣಿ ತಗ್ಗಾಗಿರುವುದರಿಂದ ಅಲ್ಲಿ ಬರೀ ಗುಡುಗು ಕೇಳುತ್ತದೆ, ಮಾತು ಕೇಳುವುದಿಲ್ಲ. ಮೊದಲ ದಿನ ಗಾಂಧಿ ಕ್ಲಾಸಿನಲ್ಲಿ, ಅಂದರೆ ಪರದೆಯ ಮುಂದಿನ ಅಗ್ಗದ ಸೀಟಿನಲ್ಲಿ, ಕೂರುವವರು ಒಳ್ಳೆ ಬಟ್ಟೆ ಹಾಕಿಕೊಂಡು ಹೋಗಬೇಡಿ. ಹೀರೋ ಎಂಟ್ರಿಗೆ ಕಾಗದದ ಚೂರು ಎರಚುತ್ತಾರೆ, ಮೊದಲ ಹತ್ತು ನಿಮಿಷದ ಡೈಲಾಗ್ ಒಂದೂ ಕಿವಿಗೆ ಬೀಳುವುದಿಲ್ಲ. ಕಥೆ ಬೇಕಾದವರು ಮಂಗಳವಾರ ಹೋಗಿ. ಪ್ರೊಜೆಕ್ಟರಿನ ಕ್ಸೆನಾನ್ ಬಲ್ಬಿಗೆ ಇಂತಿಷ್ಟು ಗಂಟೆ ಅಂತ ಆಯಸ್ಸು ಇದೆ. ಅದು ಮೀರಿದ ಮೇಲೂ ಉರಿಸಿದರೆ ರಾತ್ರಿಯ ದೃಶ್ಯಗಳೆಲ್ಲ ಮಸಿ ಬಳಿದ ಹಾಗೆ ಕಾಣುತ್ತವೆ. 3ಡಿ ಕನ್ನಡಕ ಇನ್ನಷ್ಟು ಬೆಳಕು ತಿನ್ನುವುದರಿಂದ, ಹಳೇ ಬಲ್ಬಿನ ಹಾಲಿನಲ್ಲಿ 2ಡಿಯೇ ವಾಸಿ. ಇನ್ನು ಏಪ್ರಿಲ್, ಮೇ ತಿಂಗಳ ಮ್ಯಾಟಿನಿ: ಹೊರಗೆ 40 ಡಿಗ್ರಿ ದಾಟಿರುತ್ತದೆ, ಒಳಗೆ ಎಸಿ ಅಂತ ಬರೆದಿರುತ್ತದೆ, ಇಂಟರ್ವಲ್ ಆದ ಮೇಲೆ ಕೆಲವು ಕಡೆ ಆ ಎಸಿ ನಿದ್ದೆಗೆ ಹೋಗುತ್ತದೆ. ಮ್ಯಾನೇಜರ್ ಕೋಣೆಗೆ ನಾಲ್ಕು ಜನ ಒಟ್ಟಿಗೆ ಹೋದರೆ ಎಬ್ಬಿಸುತ್ತಾರೆ, ಒಬ್ಬರೇ ಹೋದರೆ ಕೇಳುವವರಿಲ್ಲ.

ಗಡಿ ದಾಟುವ ಮಾತಿಗೆ ಬರೋಣ. 2004ರಲ್ಲಿ ಪರಭಾಷೆಯ ಸಿನಿಮಾಗಳು ಬಿಡುಗಡೆಯಾಗಿ ಏಳು ವಾರ ಆದ ಮೇಲೇ ಕರ್ನಾಟಕಕ್ಕೆ ಬರಬೇಕು ಅಂತ ಚಿತ್ರೋದ್ಯಮ ಕಟ್ಟು ಹಾಕಿತ್ತು. ಬೆಂಗಳೂರಿನಲ್ಲಿ ಕೂತು ಯೋಚಿಸಿದರೆ ಅದು ಸರಿ ಕಂಡಿರಬಹುದು. ಆದರೆ ಇಲ್ಲಿಂದ ಆಂಧ್ರದ ಗುಂತಕಲ್ಲು 50 ಕಿ.ಮೀ. ಆಸುಪಾಸು, ರೈಲೂ ಇದೆ, ಬಸ್ಸೂ ಇದೆ. ಸಿರುಗುಪ್ಪದವರಿಗೆ ಆದೋನಿ ಇನ್ನೂ ಹತ್ತಿರ. ಬೇಲಿಯ ಪಕ್ಕದಲ್ಲೇ ಬಾಗಿಲು ತೆರೆದಿದ್ದಾಗ ಬೇಲಿ ಏನು ಮಾಡೀತು?

ಈಗ ದಾಟುವುದು ರೇಟಿಗೂ ಹೊತ್ತಿಗೂ. ಆಂಧ್ರದಲ್ಲಿ ಟಿಕೆಟ್ ದರ ಸರ್ಕಾರದ ಆದೇಶದಂತೆ ನಡೆಯುತ್ತದೆ, ದೊಡ್ಡ ಸಿನಿಮಾಗಳಿಗೆ ಮೊದಲ ಕೆಲವು ದಿನ ಏರಿಸಲು ಪ್ರತ್ಯೇಕ ಅನುಮತಿ ಬೇಕು. 2021ರ ಏಪ್ರಿಲ್ ಆದೇಶದಲ್ಲಿ ಹಳ್ಳಿಯ ಎಸಿ ಇಲ್ಲದ ಟಾಕೀಸಿನ ಕೆಳಗಿನ ದರ 5 ರೂಪಾಯಿಗೆ ಇಳಿದಿತ್ತು, 2022ರ ಮಾರ್ಚಿನಲ್ಲಿ ಅದನ್ನು ಪರಿಷ್ಕರಿಸಿದರು. ನಮ್ಮ ಕಡೆ 2025ರ ಸೆಪ್ಟೆಂಬರಿನಲ್ಲಿ ಸರ್ಕಾರ ತೆರಿಗೆ ಬಿಟ್ಟು 200 ರೂಪಾಯಿಯ ಮಿತಿ ಹಾಕಿತು, ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಹಾಗಾಗಿ ಬಿಡುಗಡೆಯ ವಾರ ಆ್ಯಪ್‌ನಲ್ಲಿ ಊರು ಬದಲಿಸಿ ಎರಡೂ ಕಡೆಯ ದರ ನೋಡಿ, ಪೆಟ್ರೋಲಿನ ಖರ್ಚು ಕೂಡಿಸಿ. ಇಬ್ಬರಿಗೆ ಲಾಭ ಏನೂ ಉಳಿಯುವುದಿಲ್ಲ, ಒಂದು ಕಾರಿನಲ್ಲಿ ಐದು ಜನ ಹೋದರೆ ಮಾತ್ರ ಯೋಚಿಸಬಹುದು.

ಹೊತ್ತಿನ ವಿಷಯದಲ್ಲೂ ಹಾಗೇ. ಕರ್ನಾಟಕದ ನಿಯಮದಂತೆ ಬೆಳಿಗ್ಗೆ 6.30ಕ್ಕಿಂತ ಮುಂಚೆ ಆಟ ಶುರು ಮಾಡುವಂತಿಲ್ಲ. ಆ ಕಡೆ ಸರ್ಕಾರ ಅನುಮತಿ ಕೊಟ್ಟರೆ ನಡುರಾತ್ರಿಗೇ ಬೆನಿಫಿಟ್ ಶೋ, ಅಂದರೆ ಅಭಿಮಾನಿಗಳಿಗಾಗಿ ಮಾಮೂಲಿ ಆಟಗಳಿಗಿಂತ ಮುಂಚೆ ಹಾಕುವ ವಿಶೇಷ ಆಟ. ಹುಡುಗರು ಬೈಕಿನ ಮೇಲೆ ಹೋಗುವುದು ಅದಕ್ಕೇ. ನೀವು ಹೋಗುವುದಾದರೆ ಕಾರಿನಲ್ಲಿ ಹೋಗಿ, ಬೈಕು ಬೇಡ: ಅದಿರಿನ ಲಾರಿಗಳು ರಾತ್ರಿಯೆಲ್ಲ ಓಡಾಡುತ್ತವೆ, ನಿದ್ದೆಗೆಟ್ಟು ವಾಪಸ್ ಬರುವ ಹೊತ್ತೇ ಅಪಾಯದ ಹೊತ್ತು. ಬಸ್ ನಂಬಿ ಹೋಗುವವರು ಸೆಕೆಂಡ್ ಶೋ ಬಿಟ್ಟು ಮ್ಯಾಟಿನಿಗೆ ಹೋಗಿ. ಸೆಕೆಂಡ್ ಶೋ ಬಿಡುವಾಗ ಹನ್ನೆರಡೂವರೆ ದಾಟಿರುತ್ತದೆ, ಬೆಳಗಿನ ಬಸ್ಸಿಗೆ ಸ್ಟ್ಯಾಂಡಿನ ಬೆಂಚೇ ಗತಿ. ಮ್ಯಾಟಿನಿ ಮುಗಿಸಿ ಕತ್ತಲಾಗುವಷ್ಟರಲ್ಲಿ ಬಳ್ಳಾರಿಗೆ ಬಂದರೆ ಒಗ್ಗರಣೆ-ಮಿರ್ಚಿ ಗಾಡಿಗಳೂ ಇನ್ನೂ ಇರುತ್ತವೆ.