ಬಸುರಿ ಅಂತ ಆಂಥ್ರಾಕ್ಸ್ ಮಾತ್ರೆ ಬಿಡಬೇಕಾ?

ಪ್ರಶ್ನೆ: ನಂಗೀಗ ಆರು ತಿಂಗಳು. ಅತ್ತೆಗೆ ಡಯಾಲಿಸಿಸ್ ನಡೀತಿದೆ. ಯಾರಾದ್ರೂ ಬೇಕಂತ್ಲೇ ಆಂಥ್ರಾಕ್ಸ್, ಸಿಡುಬು ಅಂಥದ್ದನ್ನ ಹರಡಿದ್ರೆ ನಮ್ಮಂಥೋರಿಗೆ ಔಷಧಿ ಕೊಡ್ತಾರಾ, ಇಲ್ಲ ಮಗುಗೆ ತೊಂದ್ರೆ ಅಂತ ಹಾಗೇ ಬಿಡ್ತಾರಾ?

ಉತ್ತರ: ಕೊಡ್ಬೇಕು, ಅದ್ರಲ್ಲಿ ಎರಡು ಮಾತಿಲ್ಲ. ಆಂಥ್ರಾಕ್ಸ್ ಅಂದ್ರೆ ಬ್ಯಾಕ್ಟೀರಿಯಾದಿಂದ ಬರೋ ಕಾಯಿಲೆ, ಆ ರೋಗಾಣು ಉಸಿರಲ್ಲಿ ಒಳಗೆ ಹೋಗಿ ಕಾಯಿಲೆ ಶುರುವಾದ್ಮೇಲೆ ಉಳಿಸ್ಕೊಳ್ಳೋದು ಬಹಳ ಕಷ್ಟ, 2001ರಲ್ಲಿ ಅಮೆರಿಕಾದಲ್ಲಿ ಅಂಚೆ ಕವರಲ್ಲಿ ಈ ರೋಗಾಣುವಿನ ಪುಡಿ ಕಳಿಸಿದಾಗ 22 ಜನಕ್ಕೆ ಬಂತು, ಸತ್ತೋರು 5 ಜನ, ಐದೂ ಜನಕ್ಕೆ ಬಂದಿದ್ದು ಶ್ವಾಸಕೋಶದ ಆಂಥ್ರಾಕ್ಸೇ. ಮಾತ್ರೆಯಿಂದ ಮಗುಗೆ ಏನಾಗತ್ತೋ ಅನ್ನೋ ಭಯಕ್ಕಿಂತ ಈ ಕಾಯಿಲೆ ಎಷ್ಟೋ ಪಾಲು ಅಪಾಯ.

ಸೋಂಕು ತಗುಲಿರಬಹುದು ಅನ್ನಿಸಿದ್ರೆ ಗರ್ಭಿಣಿಗೂ ಮೊದಲ ಆಯ್ಕೆ ಸಿಪ್ರೊಫ್ಲಾಕ್ಸಸಿನ್ ಅನ್ನೋ ಆಂಟಿಬಯಾಟಿಕ್ ಮಾತ್ರೆ, 500 ಮಿಗ್ರಾಂ ದಿನಕ್ಕೆ ಎರಡು ಸಲ, 60 ದಿನ. ಇಷ್ಟುದ್ದ ಯಾಕಂದ್ರೆ ಸ್ಪೋರ್‌ಗಳು, ಅಂದ್ರೆ ಗಟ್ಟಿ ಚಿಪ್ಪೊಳಗೆ ಮಲಗಿರೋ ರೋಗಾಣುಗಳು, ಶ್ವಾಸಕೋಶದಲ್ಲಿ ವಾರಗಟ್ಲೆ ಸುಮ್ನಿದ್ದು ಆಮೇಲೆ ಏಳ್ತವೆ, ಹತ್ತು ದಿನ ತಗೊಂಡು ಚೆನ್ನಾಗಿದೀನಿ ಅಂತ ಬಿಟ್ರೆ ಅಲ್ಲೇ ಎಡವಟ್ಟು. ಡಾಕ್ಸಿಸೈಕ್ಲಿನ್ ಅನ್ನೋ ಇನ್ನೊಂದು ಆಂಟಿಬಯಾಟಿಕ್ ಮಗುವಿನ ಹಲ್ಲಿಗೆ ಕಲೆ ಮಾಡಬಹುದು ಅಂತ ಎರಡನೇ ಸಾಲಲ್ಲಿಡ್ತಾರೆ, ಬೇರೆ ದಾರಿ ಇಲ್ದಿದ್ರೆ ಅದನ್ನೂ ಕೊಡ್ತಾರೆ. ಜೊತೆಗೆ ಕೊಡೋ ಲಸಿಕೆಯಲ್ಲಿ ಜೀವಂತ ರೋಗಾಣು ಇರಲ್ಲ.

ಇಲ್ಲಿ ಬಹಳ ಜನ ಮರೆಯೋ ವಿಷಯ ಒಂದಿದೆ. ಗರ್ಭಿಣಿಯರೆಲ್ಲ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ನುಂಗ್ತಿರ್ತಾರಲ್ಲ, ಅವು ಸಿಪ್ರೊಫ್ಲಾಕ್ಸಸಿನ್ ಜೊತೆ ಹೊಟ್ಟೆಗೆ ಹೋದ್ರೆ ಅಲ್ಲೇ ಅದನ್ನ ಹಿಡ್ಕೊಂಡುಬಿಡ್ತವೆ, ರಕ್ತಕ್ಕೆ ಸರಿಯಾಗಿ ಸೇರೋದೇ ಇಲ್ಲ. ಎದೆಯುರಿಗೆ ತಗೊಳ್ಳೋ ಆಂಟಾಸಿಡ್ಡೂ ಅಷ್ಟೇ. ಹಾಗಾಗಿ ಸಿಪ್ರೊಫ್ಲಾಕ್ಸಸಿನ್ ತಗೊಂಡು 2 ಗಂಟೆ ಆದ್ಮೇಲೆ ಇವು, ಇವನ್ನ ಮೊದಲು ನುಂಗಿದ್ರೆ 6 ಗಂಟೆ ಕಾಯಿರಿ. ರಾತ್ರೋರಾತ್ರಿ ಸಾಲು ನಿಲ್ಲಿಸಿ ಔಷಧಿ ಹಂಚೋ ಕಡೆ ಇದನ್ನೆಲ್ಲ ಕೂತು ಹೇಳೋರು ಸಿಗ್ತಾರೆ ಅಂತ ನಂಗನ್ಸಲ್ಲ, ಗರ್ಭಿಣಿ ಅಂತ ನೀವೇ ಬಾಯಿಬಿಟ್ಟು ಹೇಳಿ.

ಸಿಡುಬು ಬೇರೆ ಕಥೆ. 1980ರಲ್ಲಿ ನಿರ್ಮೂಲ ಆಯ್ತು ಅಂತ ಘೋಷಿಸಿದಾರೆ, ಆದ್ರೂ ಬಂದ್ರೆ ಗರ್ಭಿಣಿಯರಿಗೆ ಬೇರೆಯವರಿಗಿಂತ ತೀವ್ರವಾಗೇ ಬರತ್ತೆ. ಹಳೇ ಲಸಿಕೆಯಲ್ಲಿ ಜೀವಂತ ವೈರಸ್ ಇರೋದ್ರಿಂದ ಸುಮ್ನೆ ಮುನ್ನೆಚ್ಚರಿಕೆಗೆ ಅಂತ ಬಸುರಿಯರಿಗೆ ಹಾಕಲ್ಲ, ಆದ್ರೆ ರೋಗಿಯ ಹತ್ತಿರ ಹೋಗಿದ್ದು ನಿಜ ಅಂತಾದ್ರೆ ಲೆಕ್ಕ ತಿರುಗತ್ತೆ, ಲಸಿಕೆ ಹಾಕಿಸ್ಕೊಳ್ಳೋದೇ ವಾಸಿ ಅಂತಾಗತ್ತೆ. ದೇಹದಲ್ಲಿ ವೈರಸ್ ಬೆಳೀದ ಹೊಸ ಲಸಿಕೆಯೂ ಇದೆ, ಸಿಕ್ರೆ ಅದೇ ಒಳ್ಳೇದು.

ಪ್ಲೇಗ್ ಆದ್ರೆ, ಅದಕ್ಕೆ ಕೊಡೋ ಸ್ಟ್ರೆಪ್ಟೋಮೈಸಿನ್ ಅನ್ನೋ ಔಷಧಿ ಹೊಟ್ಟೇಲಿರೋ ಮಗುವಿನ ಕಿವಿ ಕೆಡಿಸಬಹುದು ಅಂತ ಬೇರೆ ಔಷಧಿ ನೋಡ್ತಾರೆ.

ಅತ್ತೆಯವರಿಗೂ ಇದೇ ಸಿಪ್ರೊಫ್ಲಾಕ್ಸಸಿನ್ ಕೊಡಬಹುದು, ಆದ್ರೆ ಡೋಸ್ ಕಮ್ಮಿ ಮಾಡಿ, ಡಯಾಲಿಸಿಸ್ ದಿನ ಅದು ಮುಗಿದ್ಮೇಲೆ. ಅವರಿಗೆ ನಿಜವಾದ ಅಪಾಯ ಓಡಾಟ ಬಂದ್ ಆಗಿ ಡಯಾಲಿಸಿಸ್ಸೇ ತಪ್ಪಿಹೋಗೋದು, ಅದಕ್ಕೆ ಸೆಂಟರ್ ಮುಚ್ಚಿದ್ರೆ ಎಲ್ಲಿಗೆ ಹೋಗ್ಬೇಕು, ಅಲ್ಲೀವರೆಗೆ ನೀರು, ಉಪ್ಪು ಎಷ್ಟು ಅಂತ ಅವರ ಡಾಕ್ಟರ್ ಹತ್ರ ಈಗ್ಲೇ ಬರೆಸಿಟ್ಕೊಳ್ಳಿ.